ಮನೆಯ ಮಾತಿಗೆ ವಿದ್ಯಾಪೀಠವೇಕೆ?

ನಮ್ಮ ಪತ್ರಿಕೆಯ ಹಳೆಯ ಚಂದಾದಾರರಾದ ಗೃಹಸ್ಥರೊಬ್ಬರು ಹದಿನೈದು ದಿವಸಗಳ ಹಿಂದೆ ನಮಗೊಂದು ಓಲೆಯನ್ನು ಬರೆದಿರುವರು. ಅವರ ಎರಡನೆಯ ಮಗಳು ಬಿ. ಏ. ಪರೀಕ್ಷೆಯಲ್ಲಿ ಒಳ್ಳೆಯ ಶ್ರೇಣಿಯಲ್ಲಿ ತೇರ್ಗಡೆ ಹೊಂದಿ, ಮುಂದೆ ಎಂ. ಏ. ಓದಬೇಕೆಂದು ಹಟ ಹಿಡಿದಿರುವಳಂತೆ. ಅದಕ್ಕೆ ತಂದೆಯ ಅಡ್ಡಿಯಿಲ್ಲ. ಆದರೆ ಆಕೆಯು ಆರಿಸಿಕೊಂಡ ವಿಷಯವು ಇತಿಹಾಸವಲ್ಲ, ಅರ್ಥಶಾಸ್ತ್ರವಲ್ಲ, ಕನ್ನಡವೂ ಅಲ್ಲ, ‘ಮಹಿಳಾ ಅಧ್ಯಯನ’ವೆಂಬದು. ಪಠ್ಯಕ್ರಮದ ಪಟ್ಟಿಯನ್ನು ತರಿಸಿ ನೋಡಲಾಗಿ, ಅದರೊಳಗೆ ‘ಲಿಂಗತ್ವ’, ‘ಲೈಂಗಿಕತೆ’ ಎಂಬ ಶಬ್ದಗಳು ಕಣ್ಣಿಗೆ ಬಿದ್ದು ಆ ಗೃಹಸ್ಥರು ಬೆಚ್ಚಿಬಿದ್ದಿರುವರು. ತಾಯಿಯು ಮಗಳ ಕಿವಿಯಲ್ಲಿ ಹೇಳಬೇಕಾದ ಮಾತನ್ನು ಪ್ರಾಧ್ಯಾಪಕರು ಕರಿಹಲಗೆಯ ಮೇಲೆ ಬರೆದು ಕಲಿಸುವದುಂಟೇ, ಇದಕ್ಕೊಂದು ಪದವಿಯುಂಟೇ, ಪದವಿ ಬಂದ ಮೇಲೆ ಇಂಥ ಹುಡುಗಿಯ ಕೈಹಿಡಿಯುವವರುಂಟೇ, ಎಂದು ಮೂರು ಪ್ರಶ್ನೆಗಳನ್ನು ಕೇಳಿ, ಸಂಪಾದಕರು ನಿರ್ಭಿಡೆಯಿಂದ ಉತ್ತರ ಕೊಡತಕ್ಕದ್ದೆಂದು ಆಜ್ಞಾಪಿಸಿರುವರು.

ಓಲೆಯು ಇಷ್ಟು ದಿವಸ ನಮ್ಮ ಮೇಜಿನ ಮೇಲೆ ಬಿದ್ದಿದ್ದಿತು. ಆಲಸ್ಯದಿಂದಲ್ಲ, ಅಂಜಿಕೆಯಿಂದ. ನಾವು ಪಾಠಶಾಲೆಯಲ್ಲಿ ಅಮರಕೋಶವನ್ನು ಉರುಹೊಡೆದು, ಮೆಟ್ರಿಕ್ ಪರೀಕ್ಷೆಯ ಹೊಸ್ತಿಲನ್ನು ದಾಟಿ, ಅಲ್ಲಿಂದ ನೆಟ್ಟಗೆ ಅಚ್ಚುಕೂಟಕ್ಕೆ ಬಂದು ಕುಳಿತವರು. ವಿದ್ಯಾಪೀಠದ ಮೆಟ್ಟಿಲನ್ನು ಸಭೆ ಸಮಾರಂಭಗಳಿಗಾಗಿ ಹತ್ತಿರುವೆವೇ ಹೊರತು ವಿದ್ಯಾರ್ಥಿಗಳಾಗಿ ಹತ್ತಿದವರಲ್ಲ. ಅದಲ್ಲದೆ, ಈ ವಿಷಯದಲ್ಲಿ ನಮ್ಮದೊಂದು ಹಳೆಯ ಬಾಕಿಯೂ ಇರುವದು. 2003ರಲ್ಲಿ ವಿಜಾಪುರದಲ್ಲಿ ಮಹಿಳಾ ವಿಶ್ವವಿದ್ಯಾಲಯವು ಸ್ಥಾಪಿತವಾದಾಗ, ಇದೇ ಪುಟದಲ್ಲಿ, ಕುಡಿಯುವ ನೀರಿಗೆ ಗತಿಯಿಲ್ಲದ ಸೀಮೆಯಲ್ಲಿ ಇದೊಂದು ದುಂದುವೆಚ್ಚವೆಂದೂ, ಹೆಂಗಸರನ್ನು ಕುರಿತು ಹೆಂಗಸರೇ ಓದುವದರಲ್ಲಿ ಅರ್ಥವಿಲ್ಲವೆಂದೂ ನಾವೇ ಬರೆದಿದ್ದೆವು. ಓಲೆ ಬರೆದ ಮಹನೀಯರು ಆ ಲೇಖನವನ್ನು ಕತ್ತರಿಸಿ ಇಟ್ಟುಕೊಂಡಿರುವರಂತೆ! ಆದ್ದರಿಂದ ಇಂದು ಬರೆಯುವದು ಅವರಿಗೆ ಉತ್ತರವೂ ಹೌದು, ನಮಗೆ ನಾವೇ ಕೊಟ್ಟುಕೊಳ್ಳುವ ಜವಾಬೂ ಹೌದು.

ಮೊದಲು ಶಬ್ದದ ವಿಷಯ. ‘ಲಿಂಗ’ವೆಂಬ ಶಬ್ದಕ್ಕೆ ಹುಬ್ಬು ಗಂಟಿಕ್ಕುವವರು ತಮ್ಮ ವ್ಯಾಕರಣದ ಪಾಠವನ್ನು ಮರೆತಿರುವರು. ಸಂಸ್ಕೃತದಲ್ಲಿ ಹೆಂಡತಿಗೆ ‘ಭಾರ್ಯಾ’ ಎಂದರೆ ಸ್ತ್ರೀಲಿಂಗ. ‘ದಾರಾಃ’ ಎಂದರೆ ಪುಲ್ಲಿಂಗ, ಅದೂ ಬಹುವಚನ. ‘ಕಲತ್ರಂ’ ಎಂದರೆ ನಪುಂಸಕಲಿಂಗ. ಅಡಿಗೆಮನೆಯಲ್ಲಿ ನಿಂತಿರುವ ವ್ಯಕ್ತಿ ಒಬ್ಬಳೇ, ಲಿಂಗಗಳು ಮೂರು! ಬಾಲಕರಾಗಿದ್ದಾಗ ಇದನ್ನು ಕಲಿತು ನಾವು ನಕ್ಕದ್ದುಂಟು, ತಪ್ಪು ಹೇಳಿ ಪೆಟ್ಟು ತಿಂದದ್ದೂ ಉಂಟು. ದೇಹವು ಒಂದು, ಲೋಕವು ಅದಕ್ಕೆ ಹಚ್ಚುವ ಲಿಂಗವು ಇನ್ನೊಂದು ಎಂಬ ಭೇದವನ್ನು ನಮ್ಮ ಶಾಸ್ತ್ರಿಗಳು ಬೆತ್ತದ ತುದಿಯಿಂದಲೇ ನಮಗೆ ತಿಳಿಸಿಕೊಟ್ಟರು. ಇಂದಿನ ಪಂಡಿತರು ‘ಲಿಂಗತ್ವ’ವೆಂದು ಕರೆಯುವದು ಇದಕ್ಕಿಂತ ಬಹು ದೂರದ ವಸ್ತುವೇನಲ್ಲ. ಹುಟ್ಟಿನಿಂದ ಬಂದ ದೇಹದ ಗುರುತು ಯಾವದು, ನೀನು ಹೀಗೆ ಕೂಡಬೇಕು, ಹೀಗೆ ನಗಬೇಕು, ಇಷ್ಟು ಕೂಲಿ ಪಡೆಯಬೇಕು, ಇಷ್ಟು ಆಸ್ತಿಗೆ ಬಾಧ್ಯಳು ಎಂದು ಸಮಾಜವು ಮೇಲಿನಿಂದ ಹೊರಿಸಿದ್ದು ಯಾವದು, ಎಂಬದನ್ನು ಬೇರ್ಪಡಿಸಿ ನೋಡುವ ವಿದ್ಯೆಯದು.

ಇದು ಪಾಶ್ಚಾತ್ಯರ ಕೂಸೆಂಬ ಆಕ್ಷೇಪವು ಎರಡನೆಯದು. ಸ್ವದೇಶಾಭಿಮಾನದ ವಿಷಯದಲ್ಲಿ ನಮಗೆ ಯಾರಿಂದಲೂ ಪಾಠ ಬೇಕಾಗಿಲ್ಲ. ವಾತ್ಸ್ಯಾಯನನು ತನ್ನ ಶಾಸ್ತ್ರದ ಆರಂಭದಲ್ಲಿಯೇ, ಹೆಂಗಸರು ಇದನ್ನು ಓದಬಹುದೇ ಎಂಬ ಪ್ರಶ್ನೆಯನ್ನೆತ್ತಿ, ಅವರಿಗೆ ಶಾಸ್ತ್ರಗ್ರಹಣದ ಅಧಿಕಾರವಿಲ್ಲವೆಂಬ ಆಚಾರ್ಯರ ಮತವನ್ನು ಹೇಳಿ, ಆ ಮತವನ್ನು ತಾನು ಒಪ್ಪದೆ, ಆಚರಣೆಗೆ ಮೂಲವು ಶಾಸ್ತ್ರವೇ ಆದುದರಿಂದ ಅವರೂ ಓದತಕ್ಕದ್ದೆಂದು ನಿರ್ಣಯಿಸಿರುವನು. ನಮ್ಮ ಚಂದಾದಾರರ ಪ್ರಶ್ನೆಯು ಇಷ್ಟು ಹಳೆಯದು. ಹೀಗಿರಲು, ಈ ನಾಚಿಕೆಯನ್ನು ನಮಗೆ ಕಲಿಸಿದವರಾರು?

ಈ ಪ್ರಶ್ನೆಗೆ ಉತ್ತರವಾಗಿ ನಂಜನಗೂಡಿನಲ್ಲಿ ಹುಟ್ಟಿದ ಒಬ್ಬ ವಿದುಷಿಯ ಕಥೆಯನ್ನು ಹೇಳುವೆವು. ಬೆಂಗಳೂರು ನಾಗರತ್ನಮ್ಮನವರ ಹೆಸರನ್ನು ಸಂಗೀತಪ್ರಿಯರು ಬಲ್ಲರು. ತಿರುವಯ್ಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ಗುಡಿ ಕಟ್ಟಿಸಿದ ಪುಣ್ಯಾತ್ಮರು ಅವರು. ಆದರೆ ಅವರು ಗ್ರಂಥಸಂಪಾದಕರೂ ಆಗಿದ್ದರೆಂಬದನ್ನು ಬಲ್ಲವರು ಕಡಿಮೆ. ಹದಿನೆಂಟನೆಯ ಶತಮಾನದಲ್ಲಿ ತಂಜಾವೂರಿನ ಪ್ರತಾಪಸಿಂಹನ ಆಸ್ಥಾನದಲ್ಲಿದ್ದ ಮುದ್ದುಪಳನಿ ಎಂಬ ಗಣಿಕೆಯು ತೆಲುಗಿನಲ್ಲಿ ‘ರಾಧಿಕಾ ಸಾಂತ್ವನಮು’ ಎಂಬ ಶೃಂಗಾರಕಾವ್ಯವನ್ನು ಬರೆದಿದ್ದಳು. ಹಿಂದಿನ ಮುದ್ರಣದಲ್ಲಿ ಕೆಲವು ಪದ್ಯಗಳನ್ನೂ, ಕವಯಿತ್ರಿಯು ತನ್ನ ವಂಶವನ್ನು ಹೇಳಿಕೊಂಡ ಭಾಗವನ್ನೂ ಕೈಬಿಡಲಾಗಿತ್ತು. ನಾಗರತ್ನಮ್ಮನವರು ಹಸ್ತಪ್ರತಿಯನ್ನು ಸಂಪಾದಿಸಿ, ಹೋಲಿಸಿ ನೋಡಿ, 1910ರಲ್ಲಿ ಮದರಾಸಿನ ವಾವಿಳ್ಳ ಮುದ್ರಣಾಲಯದಿಂದ ಪೂರ್ಣ ಕಾವ್ಯವನ್ನು ಹೊರತಂದರು. ವಿಧವಾವಿವಾಹಕ್ಕಾಗಿ ಹೋರಾಡಿದ ಸುಧಾರಕಾಗ್ರಣಿಗಳಾದ ಕಂದುಕೂರಿ ವೀರೇಶಲಿಂಗಂ ಪಂತುಲುಗಳೇ, ಹೆಂಗಸಿನ ಬಾಯಿಂದ ಬರಬಾರದ ಮಾತುಗಳಿವೆಂದು ಆ ಕಾವ್ಯವನ್ನು ಹಳಿದಿದ್ದರು. ನಾಚಿಕೆಯೆಂಬದು ಸ್ತ್ರೀಯರಿಗೆ ಮಾತ್ರ ಸಹಜವಾದದ್ದೇ, ಪುರುಷ ಕವಿಗಳಿಗೆ ಬೇಡವೇ, ಎಂಬ ಧಾಟಿಯಲ್ಲಿ ನಾಗರತ್ನಮ್ಮನವರು ಮುನ್ನುಡಿಯಲ್ಲಿಯೇ ಅವರಿಗೆ ಉತ್ತರ ಕೊಟ್ಟರು. ಮರುವರ್ಷವೇ ಆಂಗ್ಲ ಸರಕಾರವು ಪುಸ್ತಕವನ್ನು ಅಶ್ಲೀಲವೆಂದು ಸಾರಿ ಪ್ರತಿಗಳನ್ನು ವಶಪಡಿಸಿಕೊಂಡಿತು. ಆ ನಿಷೇಧವು ತೊಲಗಿದ್ದು 1947ರಲ್ಲಿ, ಟಂಗುಟೂರಿ ಪ್ರಕಾಶಂ ಪಂತುಲುಗಳ ಪ್ರಯತ್ನದಿಂದ.

ವಾಚಕರು ಇಲ್ಲಿ ಒಂದು ಸಂಗತಿಯನ್ನು ಲಕ್ಷ್ಯದಲ್ಲಿಡಬೇಕು. ನಿಷೇಧವು ತೊಲಗಿದರೂ ಕಾವ್ಯವು ನೆನಪಿಗೆ ಮರಳಲಿಲ್ಲ. ಸುಮಾರು ನಾಲ್ಕು ದಶಕಗಳ ನಂತರ ಹೈದರಾಬಾದಿನಲ್ಲಿ ಅಧ್ಯಾಪಕಿಯಾಗಿದ್ದ ಸೂಸಿ ತಾರು ಮತ್ತು ಅವರ ಸಹಸಂಪಾದಕಿ ಕೆ. ಲಲಿತಾ ಇವರು ಭಾರತದ ಹನ್ನೊಂದು ಭಾಷೆಗಳ ಸ್ತ್ರೀಯರ ಬರಹಗಳನ್ನು ಕೂಡಿಹಾಕಿ 1991 ಮತ್ತು 1993ರಲ್ಲಿ ಎರಡು ಸಂಪುಟಗಳನ್ನು ಪ್ರಕಟಿಸಿದಾಗ, ನಾಗರತ್ನಮ್ಮನವರ ಈ ವೃತ್ತಾಂತದಿಂದಲೇ ಪೀಠಿಕೆಯನ್ನು ಆರಂಭಿಸಿದರು. ಆಂಗ್ಲರು ನಾಚಿದರೆಂದು ನಾವೂ ನಾಚಿದೆವು. ಅವರು ಹೋದರೂ ಆ ನಾಚಿಕೆಯು ಹೋಗಲಿಲ್ಲ. ಅದನ್ನು ಒರೆಗೆ ಹಚ್ಚಿದ್ದು ಈ ‘ಪಾಶ್ಚಾತ್ಯ ಕೂಸು’ ಎನ್ನಿಸಿಕೊಂಡ ವಿದ್ಯೆಯೇ ಆಗಿದೆ.

ಇನ್ನು ವಿದ್ಯಾಪೀಠದ ಮಾತು. ಮಹರ್ಷಿ ಧೋಂಡೋ ಕೇಶವ ಕರ್ವೆಯವರು ಜಪಾನಿನ ಮಹಿಳಾ ವಿದ್ಯಾಪೀಠದ ವೃತ್ತಾಂತವನ್ನೋದಿ ಸ್ಫೂರ್ತಿ ಹೊಂದಿ, 1916ರಲ್ಲಿ ನಮ್ಮ ದೇಶದ ಪ್ರಥಮ ಮಹಿಳಾ ವಿದ್ಯಾಪೀಠವನ್ನು ಸ್ಥಾಪಿಸಿದರು. ಮೈಸೂರು ವಿಶ್ವವಿದ್ಯಾನಿಲಯವು ಹುಟ್ಟಿದ್ದೂ ಅದೇ ವರ್ಷ. ಆ ಮಹರ್ಷಿಗಳ ಮಗ ರಘುನಾಥರಾಯರು ಗಣಿತದ ಪ್ರಾಧ್ಯಾಪಕರು. ಅವರು 1921ರಲ್ಲಿ ಮುಂಬಯಿಯಲ್ಲಿ ಸಂತಾನನಿಯಮನದ ಚಿಕಿತ್ಸಾಲಯವನ್ನು ತೆರೆದು, ದಾಂಪತ್ಯದ ಶರೀರಶಾಸ್ತ್ರವನ್ನು ಜನಕ್ಕೆ ತಿಳಿಸಿ ಹೇಳತೊಡಗಿದರು. ಫಲವೇನಾಯಿತು? ಪ್ರಚಾರವನ್ನು ಬಿಡಬೇಕು ಇಲ್ಲವೇ ಕಾಲೇಜನ್ನು ಬಿಡಬೇಕು ಎಂಬ ಪ್ರಸಂಗ ಬಂದು, 1925ರಲ್ಲಿ ಕಾಲೇಜನ್ನೇ ಬಿಟ್ಟರು. 1927ರಿಂದ ತಾವು ತೀರಿಕೊಂಡ 1953ರ ವರೆಗೆ ‘ಸಮಾಜಸ್ವಾಸ್ಥ್ಯ’ವೆಂಬ ಮಾಸಪತ್ರಿಕೆಯನ್ನು ಸಾಲಸೋಲಗಳಲ್ಲಿಯೇ ನಡೆಯಿಸಿದರು. ಅಶ್ಲೀಲತೆಯ ಆರೋಪದ ಮೇಲೆ ಕೋರ್ಟಿಗೆಳೆಯಲ್ಪಟ್ಟಾಗ ಅವರ ಪರವಾಗಿ ವಾದಿಸಿದವರು ಡಾಕ್ಟರ್ ಅಂಬೇಡಕರರು. ಹೆಂಗಸನ್ನು ತರಗತಿಯೊಳಗೆ ಕರೆತಂದ ತಂದೆಗೆ ದೇಶವು ‘ಭಾರತರತ್ನ’ವನ್ನಿತ್ತಿತು, ಹೆಂಗಸಿನ ದೇಹದ ಸಂಕಟವನ್ನು ತರಗತಿಯ ಮಾತಾಗಿಸಬೇಕೆಂದ ಮಗನಿಗೆ ದಂಡ ವಿಧಿಸಿತು. ಮೈಸೂರು ಸಂಸ್ಥಾನದ ಸರಕಾರವಾದರೋ 1930ರಲ್ಲಿಯೇ ತನ್ನ ಆಸ್ಪತ್ರೆಗಳಲ್ಲಿ ಸಂತಾನನಿಯಮನದ ಚಿಕಿತ್ಸಾಲಯಗಳಿಗೆ ಅಪ್ಪಣೆ ಕೊಟ್ಟಿತ್ತೆಂಬದನ್ನು ಕನ್ನಡಿಗರು ತುಸು ಹೆಮ್ಮೆಯಿಂದ ನೆನೆಯಬಹುದು.

ಈಗ ನಮ್ಮ ಬಾಕಿಯ ಕಥೆಗೆ ಬರುವೆವು. 1971ರಲ್ಲಿ ಭಾರತ ಸರಕಾರವು ಶ್ರೀಮತಿ ಫುಲ್ರೇಣು ಗುಹಾ ಅವರ ಅಧ್ಯಕ್ಷತೆಯಲ್ಲಿ ಸ್ತ್ರೀಯರ ಸ್ಥಿತಿಗತಿಗಳನ್ನು ವಿಚಾರಿಸಲು ಸಮಿತಿಯೊಂದನ್ನು ನೇಮಿಸಿತು. ಸದಸ್ಯ-ಕಾರ್ಯದರ್ಶಿಯಾಗಿ ಸೇರಿದವರು ಪ್ರಾಧ್ಯಾಪಿಕೆ ವೀಣಾ ಮಜುಮದಾರರು. ಸಂವಿಧಾನವು ಸಮಾನತೆಯನ್ನು ಕೊಟ್ಟು ಇಪ್ಪತ್ತು ವರ್ಷಗಳಾಗಿರಲು ಹೆಂಗಸರ ಸ್ಥಿತಿಯು ಸುಧಾರಿಸುತ್ತಲೇ ಇರಬೇಕೆಂದು ಎಲ್ಲರ ಎಣಿಕೆ. 1974ರ ಕೊನೆಗೆ ‘ಸಮಾನತೆಯ ಕಡೆಗೆ’ ಎಂಬ ಹೆಸರಿನ ವರದಿಯು ಬಂದಾಗ ಆ ಎಣಿಕೆ ನೆಲಕಚ್ಚಿತು. 1901ರಲ್ಲಿ ಸಾವಿರ ಗಂಡಸರಿಗೆ 972 ಹೆಂಗಸರಿದ್ದ ದೇಶದಲ್ಲಿ 1971ರಲ್ಲಿ 930 ಮಂದಿ ಮಾತ್ರ ಉಳಿದಿದ್ದರು. ಜನಗಣತಿಯ ಪುಸ್ತಕಗಳು ಪ್ರತಿ ಹತ್ತು ವರ್ಷಕ್ಕೊಮ್ಮೆ ಅಚ್ಚಾಗಿ ಕಪಾಟುಗಳಲ್ಲಿ ಇದ್ದೇ ಇದ್ದವು. ಅಂಕಿಗಳನ್ನು ಯಾರೂ ಬಚ್ಚಿಟ್ಟಿರಲಿಲ್ಲ. ಇವರೆಲ್ಲಿ ಹೋದರೆಂದು ಕೇಳಿದವರಿರಲಿಲ್ಲ, ಅಷ್ಟೆ. ಅದೇ 1974ರಲ್ಲಿ ಕರ್ವೆಯವರ ವಿದ್ಯಾಪೀಠದಲ್ಲಿ ನೀರಾ ದೇಸಾಯಿಯವರು ಮಹಿಳಾ ಅಧ್ಯಯನದ ಸಂಶೋಧನ ಕೇಂದ್ರವನ್ನಾರಂಭಿಸಿದರು. 1986ರ ಶಿಕ್ಷಣ ನೀತಿಯಲ್ಲಿ ಈ ಅಧ್ಯಯನಕ್ಕೆ ಸ್ಥಾನ ದೊರೆತ ಬಳಿಕ ವಿಶ್ವವಿದ್ಯಾಲಯ ಅನುದಾನ ಆಯೋಗದ ನೆರವಿನಿಂದ ಇಂಥ ಕೇಂದ್ರಗಳು ಊರೂರಿನ ವಿದ್ಯಾಪೀಠಗಳಲ್ಲಿ ತಲೆಯೆತ್ತಿದವು.

ನಮ್ಮ ಲೇಖನ ಅಚ್ಚಾಗಿ ಕೆಲ ವರ್ಷಗಳಾದ ಮೇಲೆ, ಇಂಥದೇ ಒಂದು ವಿಭಾಗದ ಸಂಶೋಧಕಿಯೊಬ್ಬಳು ನಮ್ಮ ಕಚೇರಿಗೆ ಬಂದಳು. ಪತ್ರಿಕೆಯ ಹಳೆಯ ಸಂಪುಟಗಳನ್ನು ನೋಡಲು ಅನುಮತಿ ಬೇಡಿದಳು. ಹಳೆಯ ಸಂಪುಟಗಳೆಂದರೆ ನಮಗೆ ಅಭಿಮಾನ. ನಮ್ಮ ಹಿರಿಯರ ದೇಶಭಕ್ತಿಯ ಲೇಖನಗಳನ್ನು ನೋಡಲು ಬಂದಿರಬೇಕೆಂದು ಬಗೆದು, ಉತ್ಸಾಹದಿಂದ ಕೋಣೆಯ ಬೀಗವನ್ನು ನಾವೇ ತೆಗೆದುಕೊಟ್ಟೆವು. ಆಕೆಯು ಅಗ್ರಲೇಖನಗಳ ಪುಟವನ್ನು ತೆರೆದೇ ನೋಡಲಿಲ್ಲ. ಮೂರು ದಿವಸ ಧೂಳಿನಲ್ಲಿ ಕುಳಿತು ಕೊನೆಯ ಪುಟದ ಜಾಹೀರಾತುಗಳನ್ನು ಎಣಿಸಿದಳು. ಹೋಗುವಾಗ, ಶಿಷ್ಟಾಚಾರಕ್ಕೆಂಬಂತೆ, ತನ್ನ ಟಿಪ್ಪಣಿಯನ್ನು ನಮಗೆ ತೋರಿಸಿದಳು. 1980ರ ದಶಕದ ಉತ್ತರಾರ್ಧದಲ್ಲಿ, ನಮ್ಮ ತೀರ್ಥರೂಪರ ಆಡಳಿತದ ಕಾಲದಲ್ಲಿ, ಗರ್ಭದಲ್ಲಿರುವದು ಗಂಡೋ ಹೆಣ್ಣೋ ಎಂಬದನ್ನು ಹೇಳಿಕೊಡುವ ಚಿಕಿತ್ಸಾಲಯಗಳ ಜಾಹೀರಾತುಗಳು ನಮ್ಮ ಪತ್ರಿಕೆಯಲ್ಲಿ ವಾರಕ್ಕೆರಡು ಸಲ ಪ್ರಕಟವಾಗಿದ್ದವು. ಒಂದು ಸಂಚಿಕೆಯಲ್ಲಿಯಂತೂ ಮುಂದಿನ ಪುಟದಲ್ಲಿ ವರದಕ್ಷಿಣೆಯನ್ನು ಖಂಡಿಸುವ ಅಗ್ರಲೇಖನ, ಹಿಂದಿನ ಪುಟದಲ್ಲಿ ಈ ಜಾಹೀರಾತು!

ತೀರ್ಥರೂಪರು ಕೆಟ್ಟವರಾಗಿರಲಿಲ್ಲ. ಆಗ ಇಂಥ ಜಾಹೀರಾತಿಗೆ ಕಾಯಿದೆಯ ಅಡ್ಡಿ ಇರಲಿಲ್ಲ. ಗರ್ಭದ ಲಿಂಗಪರೀಕ್ಷೆಯನ್ನು ತಡೆಯುವ ಕೇಂದ್ರದ ಕಾಯಿದೆಯಾದದ್ದು 1994ರಲ್ಲಿ, ಜಾರಿಗೆ ಬಂದದ್ದು 1996ರಲ್ಲಿ. ಕಾಗದದ ಬೆಲೆ ಏರಿತ್ತು. ನೌಕರರ ಸಂಬಳ ಕೊಡಬೇಕಿತ್ತು. ಆ ಹಣದಿಂದಲೇ ನಮ್ಮ ಶುಲ್ಕವೂ ಸಂದಾಯವಾಗಿರಬಹುದು. ಆದರೆ ಅಂಕಿಗಳು ಯಾರ ಸಮಾಧಾನವನ್ನೂ ಕೇಳುವದಿಲ್ಲ. ಆರು ವರ್ಷದೊಳಗಿನ ಮಕ್ಕಳಲ್ಲಿ ಸಾವಿರ ಗಂಡುಗಳಿಗೆ 1991ರಲ್ಲಿ 945 ಹೆಣ್ಣುಗಳಿದ್ದವು, 2001ರಲ್ಲಿ 927, 2011ರಲ್ಲಿ 919. ಈ ಲೆಕ್ಕದಲ್ಲಿ ನಮ್ಮ ಕೊನೆಯ ಪುಟದ ಪಾಲೆಷ್ಟು ಎಂಬದನ್ನು ಯಾವ ಗಣಿತಜ್ಞನೂ ಹೇಳಲಾರನು. ಅಂದು ರಾತ್ರಿ ನಾವು 2003ರ ನಮ್ಮ ಲೇಖನವನ್ನು ತೆಗೆದು ಓದಿದೆವು. ಮತ್ತೊಮ್ಮೆ ಓದುವ ಧೈರ್ಯವಾಗಲಿಲ್ಲ.

ಈ ವಿದ್ಯೆಯಿಂದ ನ್ಯಾಯಾಸ್ಥಾನಕ್ಕೇನು ಪ್ರಯೋಜನವೆಂದು ಕೇಳುವವರಿಗೆ ಒಂದೇ ನಿದರ್ಶನ ಸಾಕು. 1972ರಲ್ಲಿ ಮಹಾರಾಷ್ಟ್ರದ ಪೋಲೀಸ ಠಾಣೆಯೊಂದರಲ್ಲಿ ಆದಿವಾಸಿ ಬಾಲೆಯೊಬ್ಬಳ ಮೇಲೆ ಅತ್ಯಾಚಾರವಾದ ಮೊಕದ್ದಮೆಯಲ್ಲಿ, ಆಕೆಯ ಮೈಮೇಲೆ ಗಾಯಗಳಿಲ್ಲ, ಪ್ರತಿಭಟಿಸಿದ ಗುರುತಿಲ್ಲ ಎಂಬ ಕಾರಣದಿಂದ 1978ರಲ್ಲಿ ಸುಪ್ರೀಮ ಕೋರ್ಟು ಇಬ್ಬರು ಪೇದೆಗಳನ್ನು ಬಿಟ್ಟುಬಿಟ್ಟಿತು. ಮರುವರ್ಷ ದಿಲ್ಲಿ ಮತ್ತು ಪುಣೆಯ ನಾಲ್ವರು ಕಾನೂನಿನ ಅಧ್ಯಾಪಕರು, ಉಪೇಂದ್ರ ಬಕ್ಷಿ, ಲತಿಕಾ ಸರ್ಕಾರ್, ವಸುಧಾ ಧಗಮವಾರ ಮತ್ತು ರಘುನಾಥ ಕೇಳಕರ, ಮುಖ್ಯ ನ್ಯಾಯಮೂರ್ತಿಗಳಿಗೆ ಬಹಿರಂಗ ಪತ್ರ ಬರೆದರು. ಅಂಜಿ ಸುಮ್ಮನಿರುವದು ಬೇರೆ, ಒಪ್ಪುವದು ಬೇರೆ ಎಂಬ ಸರಳವಾದ ಸತ್ಯವನ್ನು ದೇಶದ ಅತ್ಯುಚ್ಚ ನ್ಯಾಯಪೀಠಕ್ಕೆ ವಿದ್ಯಾಪೀಠದವರು ಹೇಳಿಕೊಡಬೇಕಾಯಿತು. ಅದರಿಂದೆದ್ದ ಚಳವಳಿಯ ಫಲವಾಗಿ 1983ರಲ್ಲಿ ಕಾಯಿದೆಯು ತಿದ್ದುಪಡಿಯಾಯಿತು. ಒಪ್ಪಿಗೆ ಎಂದರೇನು? ತಾಯಿಯು ಮಗಳ ಕಿವಿಯಲ್ಲಿ ಹೇಳುವ ಮಾತಿನಲ್ಲಿ ಇದೂ ಇತ್ತೇ? ನಮ್ಮ ಸೀಮೆಯಲ್ಲಿ ಇದ್ದಂತೆ ಕಾಣೆವು.

‘ಲೈಂಗಿಕತೆ’ಯ ವಿಷಯವು ಇನ್ನೂ ಬಿಸಿಯಾದದ್ದು, ಇಲ್ಲಿ ನಮಗೆ ಎಲ್ಲವೂ ತಿಳಿದಿರುವದೆಂದು ಹೇಳಲಾರೆವು. ಆದರೂ ಎರಡು ಮಾತು. ಸಲಿಂಗಪ್ರೇಮವನ್ನು ಅಪರಾಧವೆನ್ನಿಸಿದ 377ನೆಯ ಕಲಮು ಮನುವಿನದಲ್ಲ. 1860ರ ದಂಡಸಂಹಿತೆಯೊಡನೆ ಆಂಗ್ಲರು ತಂದದ್ದು. ಅವರು ಹೋದ ಮೇಲೆಯೂ ಎಪ್ಪತ್ತು ವರ್ಷ ನಾವು ಅದನ್ನು ಕಾಪಾಡಿಕೊಂಡು ಬಂದೆವು. 2018ರ ಸಪ್ಟಂಬರ 6ರಂದು ಸುಪ್ರೀಮ ಕೋರ್ಟು ವಯಸ್ಕರ ಪರಸ್ಪರ ಸಮ್ಮತಿಯ ಸಂಬಂಧವನ್ನು ಅದರಿಂದ ಬಿಡುಗಡೆ ಮಾಡಿತು. ವಿದ್ಯಾಪೀಠಗಳು ಬಾಯಿ ಮುಚ್ಚಿಕೊಂಡಿದ್ದ 1977ರಲ್ಲಿಯೇ ಈ ಜನರ ಬಾಳನ್ನು ಕುರಿತು ಸಹಾನುಭೂತಿಯ ಗ್ರಂಥವನ್ನು ಬರೆದವರು ಯಾರು ಬಲ್ಲಿರಾ? ಬೆಂಗಳೂರಿನಲ್ಲಿ ಹುಟ್ಟಿದ, ಶಾಲೆಯ ಶಿಕ್ಷಣವನ್ನೇ ಸರಿಯಾಗಿ ಕಾಣದ, ಗಣಿತವಿಸ್ಮಯವೆನ್ನಿಸಿದ ಶಕುಂತಲಾದೇವಿಯವರು! ವಿದ್ಯಾಪೀಠದವರಿಗೆ ಇದಕ್ಕಿಂತ ದೊಡ್ಡ ನಾಚಿಕೆಯಿಲ್ಲ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯ ವಿದ್ಯಾರ್ಥಿಗಳು ಈ ಜನರ ಹಕ್ಕುಗಳ ಬಗ್ಗೆ ವಿಚಾರಸಂಕಿರಣವನ್ನು ಕೂಡಿಸಿದ್ದು 1997ರಲ್ಲಿ, ಇಪ್ಪತ್ತು ವರ್ಷ ತಡವಾಗಿ.

ಎರಡನೆಯದು ನಮ್ಮ ಮನೆಯದೇ. 1871ರಲ್ಲಿ ಆಂಗ್ಲ ಸರಕಾರವು ಅಪರಾಧಿ ಬುಡಕಟ್ಟುಗಳ ಕಾಯಿದೆಯನ್ನು ಮಾಡಿ, ಹಿಜಡಾ ಜನರ ಹೆಸರು ವಾಸಸ್ಥಳಗಳನ್ನು ಪೋಲೀಸರು ದಫ್ತರದಲ್ಲಿ ಬರೆದಿಡಬೇಕೆಂದು ವಿಧಿಸಿತು. 2011ರಲ್ಲಿ ನಮ್ಮ ಕರ್ನಾಟಕ ಸರಕಾರವು ತನ್ನ ಪೋಲೀಸ ಕಾಯಿದೆಗೆ 36-ಎ ಎಂಬ ಕಲಮನ್ನು ಸೇರಿಸಿ ಅದೇ ದಫ್ತರವನ್ನು ಮತ್ತೆ ತೆರೆಯಿತು! ನೂರ ನಾಲ್ವತ್ತು ವರ್ಷಗಳ ಹಿಂದಿನ ಪರಕೀಯರ ಕಾಯಿದೆಯ ನೆರಳು ಅದರಲ್ಲಿರುವದೆಂದು ನಮ್ಮ ಶಾಸಕರಿಗೆ ತಿಳಿದಿತ್ತೆಂದು ನಾವು ನಂಬಲಾರೆವು. ಅದು ಸಂಶೋಧಕರಿಗೆ ಗೊತ್ತಿತ್ತು, ಆ ಜನರಿಗೆ ಗೊತ್ತಿತ್ತು. ಉಚ್ಚ ನ್ಯಾಯಾಲಯದಲ್ಲಿ ಪ್ರಶ್ನಿಸಿದ ಮೇಲೆ ಆ ಜನರನ್ನು ಸೂಚಿಸುವ ಶಬ್ದವನ್ನು ಕಲಮಿನಿಂದ ತೆಗೆಯಲಾಯಿತು. ಇದೇ ರಾಜ್ಯವು 2021ರಲ್ಲಿ ಅವರಿಗಾಗಿ ಸರಕಾರಿ ನೌಕರಿಗಳಲ್ಲಿ ಶೇಕಡಾ 1ರ ಮೀಸಲನ್ನು ಗೊತ್ತುಪಡಿಸಿ ದೇಶಕ್ಕೆ ಮೊದಲಿಗನಾಯಿತೆಂಬದನ್ನೂ ಹೇಳದಿದ್ದರೆ ಅನ್ಯಾಯವಾದೀತು.

ಇಷ್ಟು ಹೇಳಿದೆವೆಂದು ಈ ವಿಭಾಗಗಳವರನ್ನು ನಾವು ತಲೆಯ ಮೇಲೆ ಹೊತ್ತಿರುವೆವೆಂದಲ್ಲ. ಇವರು ಬರೆಯುವ ಕನ್ನಡವನ್ನು ಓದುವದೆಂದರೆ ಕಲ್ಲುಕಡಲೆಯನ್ನು ಅಗಿದಂತೆ. ಹೊಲದಲ್ಲಿ ಕಳೆ ಕೀಳುವ ಹೆಣ್ಣುಮಗಳ ಕೂಲಿಯ ಮೇಲೆ ಬರೆದ ಪ್ರಬಂಧವನ್ನು ಆಕೆಯ ಮುಂದೆ ಓದಿದರೆ, ಯಾವ ದೇಶದವರ ಸುದ್ದಿಯೆಂದು ಆಕೆ ಕೇಳಿಯಾಳು. ಮಾರ್ಚಿ 8ರಂದು ಒಂದು ಉಪನ್ಯಾಸ, ಒಂದು ಹಾರ, ಒಂದು ಛಾಯಾಚಿತ್ರ. ಇಷ್ಟಕ್ಕೇ ವರ್ಷದ ಕೆಲಸ ಮುಗಿಯಿತೆಂದು ತಿಳಿದ ಕೇಂದ್ರಗಳೂ ಇರುವವು. ಹಾಗೆಂದು ಅವುಗಳ ಅನ್ನವನ್ನು ಕಸಿಯುವದು ನ್ಯಾಯವೇ? ಯೋಜನೆಯ ಹಣದ ಮೇಲೆ ನಿಂತ ಕೇಂದ್ರಗಳು 12ನೆಯ ಪಂಚವಾರ್ಷಿಕ ಯೋಜನೆಯು 2017ರ ಮಾರ್ಚಿಯಲ್ಲಿ ಮುಗಿದಾಗ ಮುಂದೇನೆಂದು ತಿಳಿಯದೆ ತತ್ತರಿಸಿದವು. ಇತಿಹಾಸ ವಿಭಾಗವನ್ನು ಯಾರೂ ಐದು ವರ್ಷದ ಕರಾರಿನ ಮೇಲೆ ನಡೆಯಿಸುವದಿಲ್ಲ. ಹಂಗೇರಿ ದೇಶದ ಸರಕಾರವು 2018ರಲ್ಲಿ ಒಂದು ಆಜ್ಞೆಯಿಂದ ಈ ವಿಷಯದ ಸ್ನಾತಕೋತ್ತರ ಪದವಿಯನ್ನೇ ಅಳಿಸಿಹಾಕಿತು. ನಮ್ಮಲ್ಲಿ ಅಂಥ ಆಜ್ಞೆ ಬೇಕಿಲ್ಲ. ಹಣದ ಹುಕುಮು ತಡವಾದರೆ ಸಾಕು.

ಆ ಗೃಹಸ್ಥರಿಗೆ ಉತ್ತರವನ್ನು ಅಂಚೆಗೆ ಹಾಕಿರುವೆವು. 2003ರ ಲೇಖನವನ್ನು ಹಿಂದಕ್ಕೆ ತೆಗೆದುಕೊಂಡಿರುವೆವೆಂದೂ, ಕತ್ತರಿಸಿಟ್ಟ ತುಣುಕನ್ನು ಒಲೆಗೆ ಹಾಕಬಹುದೆಂದೂ ಬರೆದೆವು. ನಾವು ಬೇಡವೆಂದ ಆ ವಿದ್ಯಾಪೀಠಕ್ಕೆ 2017ರಿಂದ ಅಕ್ಕಮಹಾದೇವಿಯ ಹೆಸರಿರುವದೆಂದೂ, ಅರಮನೆಯನ್ನೂ ಉಡುಗೆಯನ್ನೂ ತೊರೆದು ಹೊರಟ ಆ ಶರಣೆಯ ವಚನಗಳನ್ನು ಮನೆಯಲ್ಲಿ ಹಾಡಿಸುವ ತಂದೆಯು ಪಠ್ಯಕ್ರಮದ ಎರಡು ಶಬ್ದಗಳಿಗೆ ಹೆದರುವದು ಸೋಜಿಗವೆಂದೂ ಸೇರಿಸಿದೆವು. ನೌಕರಿಯ ವಿಷಯದಲ್ಲಿ ಸುಳ್ಳು ಭರವಸೆಯನ್ನು ಕೊಡಲಿಲ್ಲ. ಈ ಪದವೀಧರರಿಗೆ ಕೆಲಸ ಕಡಿಮೆ, ಇದ್ದದ್ದೂ ತಾತ್ಕಾಲಿಕ. ಕೈಹಿಡಿಯುವವರುಂಟೇ ಎಂಬ ಮೂರನೆಯ ಪ್ರಶ್ನೆಗೆ ಉತ್ತರ ಕೊಡಬೇಕಾದವರು ನಾವಲ್ಲ. ನಾಲ್ಕು ಪುಟಗಳ ಆ ಓಲೆಯನ್ನು ಎರಡು ಸಲ ಓದಿದರೂ ಹುಡುಗಿಯ ಹೆಸರು ನಮಗೆಲ್ಲಿಯೂ ಸಿಕ್ಕಲಿಲ್ಲ; ‘ಎರಡನೆಯವಳು’ ಎಂದಷ್ಟೇ ಇದ್ದಿತು. ಮುಂದಿನ ಓಲೆಯನ್ನು ಆಕೆಯೇ ಬರೆಯಲಿ, ಹೆಸರು ಹಾಕಿ ಬರೆದರೆ ಇದೇ ಪುಟದಲ್ಲಿ ಅಚ್ಚು ಹಾಕುವೆವು ಎಂದು ತಿಳಿಸಿರುವೆವು. ಈ ಸಂಚಿಕೆಯು ಮುದ್ರಣಕ್ಕೆ ಹೋಗುವ ವರೆಗೆ ಉತ್ತರ ಬಂದಿಲ್ಲ.